ಸಾಣೆ ಹಿಡಿದ ನಲವತ್ತೊಂದು ಕತ್ತಿಗಳು

ಪಟ್ಟಿಯನ್ನು ಹಾಕಿದವನು ನಾನೇ. ಸೋಮವಾರ ಮಧ್ಯಾಹ್ನ ಎರಡೂವರೆಗೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಾಕಿದೆ. ಗೋಡೆಯಾಚೆ ಯಾರದೋ ಹಲ್ಲು ಕೊರೆಯುವ ಸದ್ದು ಬರುತ್ತಿತ್ತು. ಪಟ್ಟಿಯಲ್ಲಿ ನಲವತ್ತೊಂದು ಕತ್ತಿಗಳಿದ್ದವು. ಎಲ್ಲದರ ಮುಂದೆಯೂ ಒಂದೇ ಹೆಸರು. ಅದು ನನ್ನ ಭಾವನ ಹೆಸರು.

ಡಾಕ್ಟರಿಗೆ ಹಲ್ಲು ವೃತ್ತಿ, ಆಟ ಚಟ. ಮೊದಲು ಎಕ್ಸ್-ರೇ ಯಂತ್ರ ಇದ್ದ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಒಂದು ಸರ್ವರ್ ಇಟ್ಟು, ಕತ್ತಿ ಗುರಾಣಿಗಳ ಹಳೇ ಮಾದರಿಯ ಆನ್‌ಲೈನ್ ಆಟವೊಂದನ್ನು ನಡೆಸುತ್ತಾರೆ. ಆಡುವವರು ನಾನೂರು ಮಂದಿ ಇರಬಹುದು. ಆಟದೊಳಗೆ ಯಾವ ಬಾಗಿಲು ಯಾವಾಗ ತೆರೆಯಬೇಕು, ಯಾವ ಕತ್ತಿಗೆ ಎಷ್ಟು ಏಟು ಎಂಬುದನ್ನೆಲ್ಲ ಲುವಾ ಎಂಬ ಭಾಷೆಯ ಸಣ್ಣ ಸಣ್ಣ ಸ್ಕ್ರಿಪ್ಟುಗಳಲ್ಲಿ ಬರೆದಿಟ್ಟಿರುತ್ತದೆ. ಬರೆಯುವವನು ನಾನು, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ಡಾಕ್ಟರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. 'ಏ ಸ್ಕ್ರಿಪ್ಟು' ಎನ್ನುತ್ತಾರೆ.

ಈ ಕೆಲಸ ಕೊಡಿಸಿದ್ದೂ ಭಾವನೇ. ದವಡೆ ಹಲ್ಲು ತುಂಬಿಸಿಕೊಳ್ಳಲು ಹೋದವರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನನ್ನ ಶಿಫಾರಸು ಮಾಡಿದ್ದರಂತೆ. 'ಅರ್ಧ ಮಾತು ಅರ್ಥ ಆಗ್ಲಿಲ್ಲ, ಆದ್ರೆ ನಿನ್ನನ್ನ ಹೊಗಳ್ತಿದ್ದಾರೆ ಅಂತ ಗೊತ್ತಾಯ್ತು' ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಭಾವ ಉಪಕರಣಗಳ ಕಾರ್ಖಾನೆಯೊಂದರಲ್ಲಿ ಸಾಣೆ ವಿಭಾಗದಲ್ಲಿದ್ದಾರೆ. ಮೊಂಡಾದ ಉಳಿ, ಬೈರಿಗೆಗಳ ಅಲಗನ್ನು ತಿರುಗುವ ಸಾಣೆಕಲ್ಲಿಗೆ ಹಿಡಿದು ಹರಿತ ಮಾಡುವುದು ಅವರ ಕೆಲಸ. ನಾನಿರುವುದು ಅವರ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕಕ್ಕೆ ನನ್ನ ಮಡಿಚುವ ಮಂಚ ಮತ್ತು ಕಂಪ್ಯೂಟರ್. ನಾನು ಸೇರಿದ ಮೇಲೆ ಭಾವನೂ ಆಟಕ್ಕೆ ಬಂದರು. ಬಂದವರು ಜಗಳಕ್ಕೆ ಹೋಗಲಿಲ್ಲ, ಬೇಟೆಗೆ ಹೋಗಲಿಲ್ಲ. ಆಟದ ಸಂತೆಬೀದಿಯಲ್ಲಿರುವ ಸಾಣೆಕಲ್ಲಿನ ಮುಂದೆ ಕೂತುಬಿಟ್ಟರು. ಒಂದು ಕತ್ತಿ ಹರಿತವಾಗಲು ಅಲ್ಲಿ ಇಪ್ಪತ್ತು ನಿಮಿಷ ಕೀಲಿ ಒತ್ತುತ್ತ ಕೂರಬೇಕು. ಯಾರಿಗೂ ಆ ತಾಳ್ಮೆ ಇಲ್ಲ. ಹಾಗಾಗಿ ಎಲ್ಲರೂ ಅವರಿಗೇ ಕೊಡತೊಡಗಿದರು.

ಅಕ್ಕ ಹಂಗಿಸುತ್ತಿದ್ದಳು. "ಎಂಟು ಗಂಟೆ ಅಲ್ಲಿ ಸಾಣೆ, ಮನೆಗೆ ಬಂದ್ರೆ ಇಲ್ಲೂ ಸಾಣೆ. ನನ್ನ ಅಡುಗೆಮನೆ ಚಾಕು ಮಾತ್ರ ಬೆಣ್ಣೇನೂ ಕುಯ್ಯಲ್ಲ."

"ಅರ್ಜಿ ಕೊಡು, ಸಾಲಲ್ಲಿ ಹೆಸರು ಬರ್ಕೋತೀನಿ" ಎನ್ನುತ್ತಿದ್ದರು ಭಾವ.

ಸಾಣೆಯಿಂದ ಶುರುವಾದದ್ದು ಇನ್ನೊಂದಕ್ಕೆ ಬೆಳೆಯಿತು. ಆಟದಲ್ಲಿ ಇಬ್ಬರು ಅಪರಿಚಿತರು ಆಯುಧ ಅದಲುಬದಲು ಮಾಡಿಕೊಳ್ಳಬೇಕೆಂದರೆ ಯಾರು ಮೊದಲು ಕೊಡಬೇಕು ಎಂಬುದೇ ತಕರಾರು. ಮೊದಲು ಕೊಟ್ಟವನನ್ನು ಇನ್ನೊಬ್ಬ ಬೋಳಿಸಿ ಓಡಿಹೋಗಬಹುದು. ಇಬ್ಬರೂ ತಮ್ಮ ತಮ್ಮದನ್ನು ಭಾವನ ಕೈಗೆ ಕೊಡುತ್ತಿದ್ದರು. ಭಾವ ಎರಡನ್ನೂ ತಿರುಗಿಸಿ ನೋಡಿ ಅವರದು ಇವರಿಗೆ, ಇವರದು ಅವರಿಗೆ ದಾಟಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರ ಮುಂದೆ ಹತ್ತು ಹದಿನೈದು ಜನ ಕಾಯುತ್ತಿದ್ದದ್ದುಂಟು. ಒಬ್ಬರಿಗೊಬ್ಬರು ಬಾಯಿಗೆ ಬಂದಂತೆ ಬೈದುಕೊಳ್ಳುವ ಹುಡುಗರು ಅವರ ಮುಂದೆ ಮಾತ್ರ 'ಸಾಣೆ ಮಾವ, ಬಿಡುವಿದ್ರೆ ನೋಡ್ತೀರಾ' ಎಂದು ಬರೆಯುತ್ತಿದ್ದರು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದರೂ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಅದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಆ ತಿಂಗಳು ದೂರುಗಳು ಬರತೊಡಗಿದವು. ಕೆಲವರ ಉದ್ದಕತ್ತಿಯ ಏಟು ಇರಬೇಕಾದದ್ದಕ್ಕಿಂತ ಜೋರಾಗಿದೆ, ಯಾರೋ ಕಳ್ಳದಾರಿಯಲ್ಲಿ ಬಲ ಏರಿಸಿದ್ದಾರೆ ಎಂದು. ಎಲ್ಲರ ಪೆಟ್ಟಿಗೆಗಳಲ್ಲಿರುವ ಎಲ್ಲ ಆಯುಧಗಳ ಗುಣ ಓದಿ, ಕೆಟ್ಟದ್ದನ್ನು ಹೆಕ್ಕುವ ಸ್ಕ್ರಿಪ್ಟು ಬರೆ ಎಂದರು ಡಾಕ್ಟರು.

ಆಯುಧದ ಗುಣ ಓದುವುದು ಹೇಗೆಂದು ಇಲ್ಲಿ ಹೇಳಿಬಿಡಬೇಕು, ನನ್ನ ತಪ್ಪು ಇರುವುದೇ ಅದರೊಳಗೆ. ಒಂದು ಕತ್ತಿಯ ಬಲ ಎರಡು ಕಡೆ ಬರೆದಿರಬಹುದು. ಒಂದು, ನಮೂನೆಯ ಪುಟ. ಉದ್ದಕತ್ತಿ ಎಂದರೆ ಮೂವತ್ತನಾಲ್ಕು ಎಂದು ಅಲ್ಲಿರುತ್ತದೆ. ಆಟದಲ್ಲಿರುವ ಎಲ್ಲ ಉದ್ದಕತ್ತಿಗಳಿಗೂ ಅದೇ. ಇನ್ನೊಂದು, ಆ ಒಂದೇ ಒಂದು ಕತ್ತಿಗೆ ಕಟ್ಟಿದ ಚೀಟಿ. ಚೀಟಿಯಲ್ಲಿ ಏನಾದರೂ ಬರೆದಿದ್ದರೆ ಆಟ ಅದನ್ನೇ ನಂಬುತ್ತದೆ, ಪುಟದ ಕಡೆ ತಿರುಗಿಯೂ ನೋಡುವುದಿಲ್ಲ. ಏನೂ ಬರೆದಿರದಿದ್ದರೆ, ಸ್ಕ್ರಿಪ್ಟಿನಿಂದ ಕೇಳಿದಾಗ ಚೀಟಿ 'ಸೊನ್ನೆ' ಎನ್ನುತ್ತದೆ. ಕತ್ತಿಗೆ ಬಲವೇ ಇಲ್ಲ ಎಂದು ಆ ಸೊನ್ನೆಯ ಅರ್ಥವಲ್ಲ. ನನ್ನಲ್ಲಿಲ್ಲ, ಪುಟ ನೋಡು ಎಂದು ಅರ್ಥ.

ನನ್ನ ಹೊಸ ಸ್ಕ್ರಿಪ್ಟು ಎರಡನ್ನೂ ಓದಿ, ಚೀಟಿಯ ಸಂಖ್ಯೆ ಪುಟಕ್ಕಿಂತ ಹೆಚ್ಚಿದ್ದದ್ದನ್ನು ಹೆಕ್ಕಿತು. ನಲವತ್ತೊಂದು ಉದ್ದಕತ್ತಿ. ಪುಟದಲ್ಲಿ ಮೂವತ್ತನಾಲ್ಕು, ಚೀಟಿಯಲ್ಲಿ ಮೂವತ್ತೆಂಟು. ಸಾಣೆ ಹಿಡಿದವರ ಹೆಸರು ಕತ್ತಿಯ ಮೇಲೆ ಬೀಳುತ್ತದೆ. ನಲವತ್ತೊಂದರ ಮೇಲೂ ಭಾವನ ಹೆಸರೇ ಇತ್ತು.

ಡಾಕ್ಟರು ಕೈಗವಸು ಕಳಚುತ್ತ ಪರದೆಗೆ ಬಗ್ಗಿದರು. "ಚೀಟಿ ಬರೀಬೇಕಂದ್ರೆ ಸರ್ವರ್ ಒಳಗೆ ಕೈ ಹಾಕ್ಬೇಕು. ಅದಕ್ಕೆ ದಾರಿ ಇರೋದು ಇಲ್ಲಿ, ಬಿಟ್ರೆ ನಿನ್ನ ಮನೆ ಕಂಪ್ಯೂಟರಲ್ಲಿ. ನಿಮ್ಮ ಭಾವ ಯಾವತ್ತಾದ್ರೂ ಅದರ ಮುಂದೆ ಕೂತಿದ್ರಾ?"

ಒಂದು ಸಲ ಕೂತಿದ್ದರು. ಕಾರ್ಖಾನೆಗೆ ರಜೆಯ ಅರ್ಜಿ ಬರೆಯಲು. ಒಂದೇ ಬೆರಳಲ್ಲಿ ಕುಟ್ಟಿ ಆರು ಸಾಲಿಗೆ ನಲವತ್ತು ನಿಮಿಷ ತೆಗೆದುಕೊಂಡಿದ್ದರು. ನಾನು ಪಕ್ಕದಲ್ಲೇ ಮಂಚದ ಮೇಲೆ ಕೂತು ನಗುತ್ತಿದ್ದೆ.

"ಒಂದು ಸಲ ಕೂತಿದ್ರು ಸರ್" ಎಂದೆ. ಅಷ್ಟನ್ನೇ ಹೇಳಿದೆ.

ಡಾಕ್ಟರು ಕೆಟ್ಟವರಲ್ಲ. "ನಿನಗೆ ಮುಜುಗರ ಆಗೋದಾದ್ರೆ ಹೆಸರು ಬಿಟ್ಟು ಬರೀ ಕತ್ತಿ ಪಟ್ಟಿ ಹಾಕೋಣ" ಎಂದರು.

"ಬೇಡ ಸರ್. ನಮ್ಮೋರು ಅಂತ ಬಿಟ್ರೆ ನಾಳೆ ನಮ್ಮ ಮಾತು ಯಾರು ನಂಬ್ತಾರೆ?"

ಈ ಮಾತು ಹೇಳುವಾಗ ನನಗೆ ಖುಷಿಯಾಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಸ್ಟೆಲಿನಲ್ಲಿದ್ದಾಗ ಓದಿದ ಪುಸ್ತಕಗಳಲ್ಲಿ ಬರುವ ನಿಷ್ಠುರ ಮನುಷ್ಯ ನಾನೇ ಅನ್ನಿಸಿತ್ತು. ಡಾಕ್ಟರು ನನ್ನ ಭುಜ ತಟ್ಟಿದರು. ಆಟಗಾರರೆಲ್ಲ ಓದುವ ಸೂಚನಾ ಫಲಕಕ್ಕೆ ಪಟ್ಟಿ ಹಾಕಿದೆ. ಪಟ್ಟಿಯ ಕೆಳಗೆ 'ಈತ ಸ್ಕ್ರಿಪ್ಟು ಬರೆದವರ ಸ್ವಂತ ಭಾವ. ಆದರೂ ರಿಯಾಯಿತಿ ಇಲ್ಲ' ಎಂಬ ಸಾಲನ್ನು ಸೇರಿಸಿದವನೂ ನಾನೇ.

ಸಂಜೆ ಭಾವ ಬಂದು, ಕೈಯ ಲೋಹದ ಪುಡಿ ಹೋಗಲೆಂದು ಬಚ್ಚಲಲ್ಲಿ ಬಟ್ಟೆ ಸೋಪಿನಿಂದ ಉಜ್ಜಿಕೊಳ್ಳುತ್ತಿದ್ದರು. ಪಟ್ಟಿಯನ್ನು ಅವರು ಬಸ್ಸಿನಲ್ಲೇ ಮೊಬೈಲಿನಲ್ಲಿ ನೋಡಿದ್ದರು.

"ಸರಿಯಾಗಿ ನೋಡಿದ್ದೀಯೇನೋ?" ಎಂದು ಕೇಳಿದರು, ಬೆನ್ನು ಹಾಕಿಕೊಂಡೇ.

"ನೋಡಿದ್ದೀನಿ ಭಾವ. ಎರಡು ಸಲ."

"ನಾನು ಬರೀ ಸಾಣೆ ಹಿಡಿದಿದ್ದು ಕಣೋ."

"ಸಾಣೆ ಹಿಡಿದ್ರೆ ಸವೆತ ಹೋಗುತ್ತೆ, ಬಲ ಏರಲ್ಲ."

ಕಾರ್ಖಾನೆಯಲ್ಲೂ ಅದೇ ನಿಯಮ. ಸಾಣೆ ಹಿಡಿದ ಉಳಿ ಹೊಸ ಉಳಿಗಿಂತ ಹೆಚ್ಚೇನೂ ಆಗುವುದಿಲ್ಲ. ಅವರು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು. "ಹಾಗಾದ್ರೆ ಸರಿ" ಎಂದರು. ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಭಾವ ಇನ್ನು ಸಾಣೆಕಲ್ಲು ಮುಟ್ಟದಂತೆ ತಡೆ ಹಾಕಲು ಸಾಣೆಯ ಸ್ಕ್ರಿಪ್ಟನ್ನು ತೆರೆದೆ. ಅದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಬರೆದದ್ದು. ಹದಿನಾಲ್ಕು ತಿಂಗಳಿಂದ ತೆರೆದು ನೋಡಿರಲಿಲ್ಲ. ನಡುವೆ ನನ್ನದೇ ಟಿಪ್ಪಣಿ ಇತ್ತು: 'ಚೀಟಿಯಿಂದ ಸೊನ್ನೆ ಬರ್ತಿದೆ. ಸದ್ಯಕ್ಕೆ ಪುಟದ ಸಂಖ್ಯೆ ಚೀಟಿಗೆ ತುಂಬಿಸಿದ್ದೀನಿ. ಆಮೇಲೆ ಸರಿ ಮಾಡ್ಬೇಕು.'

ನೆನಪಾಯಿತು. ಆ ವಾರ ನನಗೆ ಸೊನ್ನೆಯ ಅರ್ಥ ಗೊತ್ತಿರಲಿಲ್ಲ. ಸಾಣೆ ಹಿಡಿದ ಕತ್ತಿಯ ಬಲ ಓದಿದರೆ ಸೊನ್ನೆ ಬರುತ್ತಿತ್ತು. ಕತ್ತಿ ಕೆಟ್ಟಿತೆಂದು ಗಾಬರಿಯಾಗಿ, ಪುಟದಲ್ಲಿದ್ದ ಸಂಖ್ಯೆಯನ್ನೇ ನಕಲು ಮಾಡಿ ಪ್ರತಿ ಕತ್ತಿಯ ಚೀಟಿಗೆ ಅಂಟಿಸಿಬಿಟ್ಟಿದ್ದೆ. ಆಗ ಪುಟದಲ್ಲಿದ್ದದ್ದು ಮೂವತ್ತೆಂಟು. ಆರು ತಿಂಗಳ ಹಿಂದೆ, ಉದ್ದಕತ್ತಿ ಅತಿಯಾಯಿತೆಂದು ಡಾಕ್ಟರು ಹೇಳಿ, ನಾನೇ ಪುಟವನ್ನು ಮೂವತ್ತನಾಲ್ಕಕ್ಕೆ ಇಳಿಸಿದ್ದೆ. ಚೀಟಿ ಕಟ್ಟಿಸಿಕೊಂಡ ಹಳೇ ಕತ್ತಿಗಳು ಮಾತ್ರ ಮೂವತ್ತೆಂಟರಲ್ಲೇ ಉಳಿದಿದ್ದವು. ಅವು ಯಾವುವು? ಪುಟ ಇಳಿಸುವ ಮೊದಲು ಸಾಣೆ ಹಿಡಿದವು. ಹಿಡಿದವರು ಯಾರು? ಇಪ್ಪತ್ತು ನಿಮಿಷ ಕೂರುವ ತಾಳ್ಮೆ ಇದ್ದ ಒಬ್ಬರೇ ಒಬ್ಬರು.

ಕುರ್ಚಿಯಲ್ಲಿ ಹಾಗೇ ಕೂತಿದ್ದೆ. ಆಚೆ ಡಾಕ್ಟರು ಯಾರಿಗೋ 'ಬಾಯಿ ಇನ್ನೂ ಸ್ವಲ್ಪ ಅಗಲ' ಎನ್ನುತ್ತಿದ್ದರು. ಹತ್ತು ಹೆಜ್ಜೆ ನಡೆದು ಹೋಗಿ ಹೇಳಬಹುದಿತ್ತು. ಫೈಲನ್ನು ಮುಚ್ಚಿದೆ.

ಮುಚ್ಚಿದ್ದಕ್ಕೆ ಕಾರಣಗಳನ್ನು ಆಮೇಲೆ ಬೇಕಾದಷ್ಟು ಹೊಂದಿಸಿಕೊಂಡೆ. ಈಗ ಹೇಳಿದರೆ ಸರ್ವರಿನ ಮಾನ ಹೋಗುತ್ತದೆ. ಎರಡು ದಿನ ಹೋದರೆ ಜನ ಮರೆಯುತ್ತಾರೆ. ಇಷ್ಟಕ್ಕೂ ಇದು ಆಟ. ನಿಜವಾದ ಕಾರಣ ಒಂದೇ. 'ರಿಯಾಯಿತಿ ಇಲ್ಲ' ಎಂಬ ಸಾಲಿನ ಕೆಳಗೆ ಆಗಲೇ ಎಂಬತ್ತು ಜನ ನನ್ನನ್ನು ಮೆಚ್ಚಿ ಬರೆದಿದ್ದರು.

ಭಾವನ ಬಗ್ಗೆಯೂ ಬರೆದಿದ್ದರು. 'ಅದಕ್ಕೇ ಬಿಟ್ಟಿ ಸಾಣೆ.' 'ಮಾವ ಕತ್ತಿಗಲ್ಲ, ನಮಗೇ ಸಾಣೆ ಹಿಡಿದ್ರು.' 'ನನ್ನ ಗುರಾಣಿ ಅವರ ಹತ್ರ ಇದೆ, ಇನ್ನು ದೇವರೇ ಗತಿ.' ಆ ಗುರಾಣಿಯನ್ನು ಭಾವ ಅವತ್ತೇ ವಾಪಸು ಕೊಟ್ಟರು. ತಮ್ಮ ಬಳಿ ಇದ್ದ ಎಲ್ಲರ ಸಾಮಾನನ್ನೂ ಎರಡು ದಿನದಲ್ಲಿ ಹುಡುಕಿ ಹುಡುಕಿ ಮುಟ್ಟಿಸಿದರು. ಕೆಲವರು ಇಸಿದುಕೊಂಡು, ಒಂದು ಮಾತೂ ಬರೆಯದೆ ಹೋದರು.

ಗುರುವಾರ ಸಂಜೆ ಮೊಬೈಲನ್ನು ನನ್ನ ಮುಂದೆ ಹಿಡಿದರು. "ಇದನ್ನ ಹಾಕ್ಬೇಕು ಅಂತಿದ್ದೀನಿ. ತಪ್ಪಿದ್ರೆ ತಿದ್ದು."

ಓದಿದೆ. 'ಎಲ್ಲರಿಗೂ. ನನ್ನ ಕೈಯಿಂದ ಏನು ತಪ್ಪಾಯಿತು ಎಂದು ನನಗೆ ತಿಳಿಯುತ್ತಿಲ್ಲ. ಆದರೆ ನನ್ನ ಬಾಮೈದ ಎರಡು ಸಲ ನೋಡಿ ಹೇಳಿದ್ದಾನೆ. ಅವನು ಸುಳ್ಳು ಹೇಳುವವನಲ್ಲ. ಆದ್ದರಿಂದ ತಪ್ಪು ಆಗಿರಲೇಬೇಕು. ಕ್ಷಮೆ ಇರಲಿ.'

ಎರಡು ಅಕ್ಷರ ತಿದ್ದಿ ಕೊಟ್ಟೆ. ನಾನು ಮಾಡಿದ್ದರಲ್ಲೆಲ್ಲ ಇದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಭಾನುವಾರ ಬೆಳಿಗ್ಗೆ ಅಭ್ಯಾಸಬಲದಿಂದ ಭಾವ ಎದ್ದು, ಸ್ನಾನ ಮಾಡಿ, ತಮ್ಮ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತರು. ಸಾಣೆಕಲ್ಲಿನ ಹತ್ತಿರ ಯಾರೂ ಬರಲಿಲ್ಲ. ಹತ್ತು ಗಂಟೆಗೆ ಎದ್ದು ಹೋಗಿ ಅಡುಗೆಮನೆಯ ಚಾಕುಗಳನ್ನೆಲ್ಲ ತಂದು ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಮಸೆದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಆ ದಿನ ಅವಳು ಹಂಗಿಸಲಿಲ್ಲ.

ಬುಧವಾರ ಬೆಳಿಗ್ಗೆ, ನಾನು ಶೂ ಕಟ್ಟುತ್ತಿದ್ದಾಗ, ಭಾವ ಮಡಿಸಿದ ಕಾಗದವೊಂದನ್ನು ಕೊಟ್ಟರು. ಆಟದ ತಮ್ಮ ಹೆಸರು, ಅದರ ಕೆಳಗೆ ಪಾಸ್‌ವರ್ಡ್. ಕಾರ್ಖಾನೆಯ ಟೋಕನ್ ನಂಬರೇ ಪಾಸ್‌ವರ್ಡ್.

"ನನ್ನ ಹೆಸರು ಅಳಿಸಿಬಿಡು. ಅಳಿಸೋದು ಹೇಗೆ ಅಂತ ನನಗೆ ಗೊತ್ತಾಗ್ತಿಲ್ಲ. ಕಾರ್ಖಾನೇಲೂ ಒಂದು ಉಳಿಗೆ ಮೂರು ಮೂರು ಸಲ ಅಳತೆ ತೆಗೀತಿದ್ದೀನಿ. ಮೇಸ್ತ್ರಿ ಕೇಳಿದ, ಕಣ್ಣು ಮಂಜಾಯ್ತಾ ಅಂತ."

ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕ್ಲಿನಿಕ್ಕಿಗೆ ಹೋದೆ. ಅಳಿಸಲು ಒಂದು ಸಾಲು ಸಾಕು. ಬರೆದೆ. ಒತ್ತಲು ಆಗಲಿಲ್ಲ. ಎದ್ದು ಹೋಗಿ ಡಾಕ್ಟರಿಗೆ ಹೇಳಿದೆ. ರೋಗಿಯ ಬಾಯಿಗೆ ಅಚ್ಚು ತುರುಕಿ, ಅದು ಗಟ್ಟಿಯಾಗುವವರೆಗೆ ಕಾಯುತ್ತಿದ್ದರು. 

"ತಾಂತ್ರಿಕ ದೋಷ ಅಂತ ಹಾಕು. ಯಾರ ಹೆಸರೂ ಬೇಡ."

"ಅವರ ಹೆಸರು ಹಾಕಿದ್ವಲ್ಲ ಸರ್."

"ನೀನು ಹಾಕಿದ್ದು" ಎಂದರು ಡಾಕ್ಟರು. ಬಾಯಲ್ಲಿ ಅಚ್ಚಿದ್ದ ಹೆಂಗಸು ನನ್ನನ್ನು ಕಣ್ಣಲ್ಲೇ ಒಮ್ಮೆ ನೋಡಿದಳು.

ಪಟ್ಟಿ ಹಾಕಿದ ಜಾಗದಲ್ಲೇ ಬರೆದೆ. ತಪ್ಪು ಸಾಣೆಯ ಸ್ಕ್ರಿಪ್ಟಿನದು, ಅದನ್ನು ಬರೆದವನು ನಾನು, ಭಾವನದು ಏನೂ ಇಲ್ಲ. ಸಾಣೆಯ ಸ್ಕ್ರಿಪ್ಟನ್ನು ಸರಿಪಡಿಸಿ, ಅದು ತುಂಬಿಸಿದ್ದ ಚೀಟಿಗಳನ್ನೆಲ್ಲ, ಆ ನಲವತ್ತೊಂದನ್ನೂ ಸೇರಿಸಿ, ಖಾಲಿ ಮಾಡಿದೆ. ಈ ಸಲ ಮೆಚ್ಚಿದವರು ಹನ್ನೊಂದು ಜನ.

ಸಂಜೆ ಭಾವನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಚೀಟಿ, ಪುಟ, ಸೊನ್ನೆ ಎಲ್ಲ. ಭಾವನಿಗೆ ಅರ್ಧ ಅರ್ಥವಾಯಿತು. ಆದರೆ ಮುಖ ಅರಳಿತು. ಹತ್ತು ದಿನಗಳಲ್ಲಿ ಮೊದಲ ಸಲ ಅವರ ಬಿಗಿದ ಭುಜ ಸಡಿಲಾದದ್ದನ್ನು ನೋಡಿದೆ.

"ಅಂದ್ರೆ ನನ್ನ ಕೈ ಸರಿ ಇದೆ."

"ಸರಿ ಇದೆ ಭಾವ."

"ಯಾವಾಗ ಗೊತ್ತಾಯ್ತು ನಿನಗೆ?"

ಬಾಯಿ ತಾನಾಗಿ ತೆರೆಯಿತು. "ಇವತ್ತು ಬೆಳಿಗ್ಗೆ. ನೀವು ಕಾಗದ ಕೊಟ್ಟ ಮೇಲೆ ಇನ್ನೊಂದು ಸಲ ನೋಡಿದೆ."

"ಕೇಳಿದ್ಯೇನೇ?" ಎಂದು ಭಾವ ಅಡುಗೆಮನೆಯ ಕಡೆ ಕೂಗಿದರು. "ಗೊತ್ತಾದ ದಿನವೇ ಎಲ್ಲರ ಮುಂದೆ ಒಪ್ಕೊಂಡಿದ್ದಾನೆ ನಿನ್ನ ತಮ್ಮ. ನಮ್ಮ ಮೇಸ್ತ್ರಿ ಆಗಿದ್ರೆ ಇಷ್ಟು ಹೊತ್ತಿಗೆ ತಪ್ಪನ್ನ ಕಲ್ಲಿನ ಮೇಲೆ ಹಾಕ್ತಿದ್ದ."

ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಹೊಸದಾಗಿ ಮಸೆದ ಚಾಕು ಸದ್ದಿಲ್ಲದೆ ಇಳಿಯುತ್ತಿತ್ತು. ತಲೆ ಎತ್ತದೆ ಹೇಳಿದಳು:

"ಹೋದ ಮಂಗಳವಾರದಿಂದ ನಿನ್ನ ತಟ್ಟೆ ತೊಳೀತಿರೋಳು ನಾನು. ಅರ್ಧಕ್ಕರ್ಧ ಹಾಗೇ ಬಿಟ್ಟಿರ್ತೀಯ."

"ಹೊಟ್ಟೆ ಸರಿ ಇರ್ಲಿಲ್ಲ ಅಕ್ಕ."

"ಸೋಮವಾರ ಎರಡು ಸಲ ಬಡಿಸ್ಕೊಂಡೆ. ಪಟ್ಟಿ ಹಾಕಿದ ದಿನ." ಹೆಚ್ಚಿದ್ದನ್ನು ಬಾಣಲೆಗೆ ತಳ್ಳಿದಳು. "ನಾನು ಅವರಿಗೆ ಹೇಳಲ್ಲ. ಅವರಿಗೆ ಈಗಷ್ಟೇ ಜೀವ ಬಂದಿದೆ. ಆದ್ರೆ ನನ್ನ ಮುಂದೆ ಒಳ್ಳೆಯೋನ ಮುಖ ಇಟ್ಕೊಂಡು ಓಡಾಡ್ಬೇಡ. ನೋಡಕ್ಕಾಗಲ್ಲ."

ಮುಂದಿನ ಭಾನುವಾರ ಸಾಣೆಕಲ್ಲಿನ ಮುಂದೆ ಮತ್ತೆ ಜನ ಸೇರಿದರು. ಮೊದಲಿನಷ್ಟಿಲ್ಲ, ಐದಾರು ಜನ. ಭಾವ ನನ್ನನ್ನು ಪಕ್ಕಕ್ಕೆ ಕರೆದರು. ಲ್ಯಾಪ್‌ಟಾಪಿನ ಬದಲು ನನ್ನ ಕಂಪ್ಯೂಟರಿನಲ್ಲೇ ಆಡೋಣ ಎಂದರು.

"ಇನ್ನು ಮೇಲೆ ಯಾವ ಕತ್ತಿ ಬಂದ್ರೂ ನೀನು ಒಳಗೆ ನೋಡಿ ಓದಿ ಹೇಳು. ಆಮೇಲೆ ದಾಟಿಸ್ತೀನಿ. ಯಾರಿಗೂ ಅನುಮಾನ ಬರಬಾರದು."

ಮೊದಲ ಕತ್ತಿ ಬಂತು. ಓದಿದೆ. ಚೀಟಿ ಸೊನ್ನೆ, ಪುಟ ಮೂವತ್ತನಾಲ್ಕು. "ಸರಿ ಇದೆ" ಎಂದೆ. ಭಾವ ಪಕ್ಕದಿಂದ ಕೈ ಚಾಚಿ ಒಂದೇ ಬೆರಳಲ್ಲಿ ಕುಟ್ಟಿದರು: 'ನನ್ನ ಬಾಮೈದ ಓದಿದ್ದಾನೆ. ಧೈರ್ಯವಾಗಿ ತಗೊಳ್ಳಿ.'

ಎರಡನೆಯದಕ್ಕೂ ಅದನ್ನೇ ಕುಟ್ಟಿದರು. ಮೂರನೆಯದಕ್ಕೂ. ಪ್ರತಿ ಸಲವೂ 'ಬಾಮೈದ' ಎಂಬುದನ್ನು ಅಕ್ಷರ ಅಕ್ಷರವಾಗಿ ಹುಡುಕುತ್ತಿದ್ದರು. ಅವರ ಮಾತನ್ನು ನಂಬುತ್ತಿದ್ದವರು ಈಗ ನನ್ನ ಮಾತನ್ನು ನಂಬಿ ಕತ್ತಿ ತೆಗೆದುಕೊಳ್ಳುತ್ತಿದ್ದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಕಲ್ಲಿನ ಮುಂದೆ ಕೂತು ಗಳಿಸಿದ ಹೆಸರನ್ನು ಅವರು ತಂದು ನನ್ನ ನಾಲಿಗೆಗೆ ತೂಗುಹಾಕಿದ್ದರು.

ನಾಲ್ಕನೇ ಕತ್ತಿಗೆ ಇಬ್ಬರು ಕಾಯುತ್ತಿದ್ದರು.

"ಭಾವ" ಎಂದೆ. "ನನಗೆ ಗೊತ್ತಾಗಿದ್ದು ಬುಧವಾರ ಅಲ್ಲ. ಪಟ್ಟಿ ಹಾಕಿದ ಮಾರನೇ ದಿನವೇ. ಮಂಗಳವಾರ."

ಅವರ ಬೆರಳು ಕೀಲಿಯ ಮೇಲೆಯೇ ನಿಂತಿತು. ದಿನಗಳನ್ನು ಮನಸ್ಸಿನಲ್ಲಿ ಹಿಂದಕ್ಕೆ ಎಣಿಸುತ್ತಿದ್ದರು ಎಂದು ಕಾಣುತ್ತದೆ. ಬುಧವಾರ, ಭಾನುವಾರ, ಗುರುವಾರ.

"ನಾನು ಬರೆದಿದ್ದನ್ನ ತಿದ್ದಿ ಕೊಟ್ಟೆಯಲ್ಲ. ಆವಾಗ?"

"ಗೊತ್ತಿತ್ತು. ಕಂಪ್ಯೂಟರ್ ಮುಂದೆ ನೀವು ಕೂತಿದ್ರಿ ಅಂತ ಡಾಕ್ಟರಿಗೆ ಹೇಳಿದ್ದೂ ನಾನೇ. ರಜೆ ಅರ್ಜಿಗೆ ಅಂತ ಹೇಳ್ಲಿಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪರದೆಯ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬ 'ಮಾವ, ಇದ್ದೀರಾ' ಎಂದು ಕೇಳಿದ. ಭಾವ ನನ್ನ ಕಡೆ ನೋಡಲಿಲ್ಲ. ನಿಧಾನವಾಗಿ ಕುಟ್ಟಿದರು: 'ಇದ್ದೀನಿ. ಸ್ವಲ್ಪ ತಾಳಿ.'

ಆಮೇಲೆ ಎದ್ದು, ಒಳಕೋಣೆಗೆ ಹೋಗಿ, ಕಾರ್ಖಾನೆಯಲ್ಲಿ ಅಲಗು ನೋಡಲು ಹಾಕುವ ದಪ್ಪ ಗಾಜಿನ ಕನ್ನಡಕ ತಂದು ಹಾಕಿಕೊಂಡರು.

"ಏಳು" ಎಂದರು.

ಎದ್ದೆ. ನಾನಿದ್ದ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು.

"ಎಲ್ಲಿ ನೋಡೋದು ಅಂತ ತೋರಿಸು. ನಾನೇ ಓದ್ತೀನಿ."

ಹಿಂದೆ ನಿಂತು, ಬೆರಳಿನಿಂದ ತೋರಿಸಿದೆ. ಯಾವ ಸಾಲಿನಲ್ಲಿ ಕತ್ತಿಯ ಹೆಸರು ಹಾಕಬೇಕು, ಯಾವ ಗುಂಡಿ ಒತ್ತಬೇಕು. ಅವರು ಒಂದೊಂದು ಅಕ್ಷರವನ್ನೂ ಹುಡುಕಿ ಕುಟ್ಟಿದರು. ನಾನು ಮೌಸಿಗೆ ಕೈ ಚಾಚಿದಾಗ ಮೊಣಕೈಯಿಂದ ಸರಿಸಿದರು. ಕೊನೆಗೆ ಉತ್ತರ ಬಂತು.

"ಸೊನ್ನೆ" ಎಂದು ಓದಿದರು. ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡರು. "ಇಲ್ಲಿಗೆ ನಿಲ್ಲಿಸಬಾರದು. ಇನ್ನೊಂದು ಕಡೆ ಎಲ್ಲಿದೆ, ಅದನ್ನೂ ತೋರಿಸು."